ಭುಜಕ್ಕೆ ಕೂರುವ ಅಂಗಿಯೇ ನಿಮ್ಮ ಅಂಗಿ

ಪ್ರಶ್ನೆ: ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ನೌಕರಿಯಲ್ಲಿದ್ದೇನೆ. ಗಂಡಸಾದರೂ ಸಣ್ಣ ಮೈಕಟ್ಟು, ಮಹಿಳೆಯರ ವಿಭಾಗದ ಬಟ್ಟೆಯೇ ಸರಿಹೊಂದುತ್ತದೆ. ಕೊಳ್ಳಲು ಮುಜುಗರ.

ಉತ್ತರ: ಧಾರಾಳವಾಗಿ ಕೊಳ್ಳಿ. ರೆಡಿಮೇಡ್ ಅಂಗಿ ಸರಾಸರಿ ಮೈಗೆ ಹೊಲಿದದ್ದು. ಅದು ನಿಮ್ಮ ಭುಜದಿಂದ ಜಾರಿದರೆ ಕೊರತೆ ಅಳತೆಯದು, ನಿಮ್ಮದಲ್ಲ. ಭುಜದ ಹೊಲಿಗೆ ನೋಡಿಯೇ ಆರಿಸಿ, ಅದನ್ನು ತಿದ್ದುವುದು ಕಷ್ಟ. ತೋಳು, ಪಕ್ಕಗಳನ್ನು ಸುಲಭವಾಗಿ ಹಿಡಿಸಬಹುದು. ಎದೆಗೆ ಡಾರ್ಟ್ ಹಿಡಿದದ್ದು ಬೇಡ. ಪ್ಯಾಂಟ್ ಹಾಕಿ ಒಮ್ಮೆ ಕೂತು ನೋಡಿ, ಜೇಬಿಗೆ ಕೈಯಿಳಿಸಿ. ಆಳ ಸಾಲದಿದ್ದರೆ ದರ್ಜಿ ಹೆಚ್ಚಿಸಿಕೊಡುತ್ತಾರೆ. ಜನ ಗುರುತಿಸುತ್ತಾರೆಂಬ ಅಳುಕೇ? ಸಾದಾ ಅಂಗಿಯಲ್ಲಿ ಎದ್ದು ಕಾಣುವ ವ್ಯತ್ಯಾಸವೆಂದರೆ ಎಡಬದಿಯ ಗುಂಡಿಸಾಲು. ಅದನ್ನು ಗಮನಿಸುವವರು ಅಪರೂಪ. ಅಷ್ಟಕ್ಕೂ ಮನಸ್ಸೊಪ್ಪದಿದ್ದರೆ, ದರ್ಜಿಗಳ ಊರೇ ಆದ ಮೆಟಿಯಾಬ್ರುಜ್ ನಿಮ್ಮ ಪಕ್ಕದಲ್ಲೇ ಇದೆ. ಸರಿಹೊಂದಿದ ಅಂಗಿಯನ್ನೇ ಅಳತೆಗೆ ಕೊಟ್ಟು ಹೊಲಿಸಿ. ಕಾರಣವಿಲ್ಲದೆ ಇತ್ತೀಚೆಗೆ ತೂಕ ಇಳಿದಿದ್ದರೆ ಮಾತ್ರ ಮೊದಲು ವೈದ್ಯರನ್ನು ಕಾಣಿ.