ಗಾಜಿನ ಮೀನುತೊಟ್ಟಿ: ಕಟ್ಟುವುದೋ, ಕೊಳ್ಳುವುದೋ?

ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಒಂದು ಗಾಜಿನ ಮೀನುತೊಟ್ಟಿ ಇರಬೇಕೆಂಬ ವಿಷಯದಲ್ಲಿ ಉಪಾಧ್ಯಾಯರಲ್ಲಿ ಭಿನ್ನಾಭಿಪ್ರಾಯವಿರಲಾರದು. ಉಸಿರಾಟ, ಆಹಾರ ಸರಪಳಿ, ಸಸ್ಯ-ಪ್ರಾಣಿಗಳ ಪರಸ್ಪರಾವಲಂಬನೆ ಮೊದಲಾದ ಪಾಠಗಳು ಅಲ್ಲಿ ಮಕ್ಕಳ ಕಣ್ಣೆದುರಿಗೇ ನಡೆಯುತ್ತವೆ. ಆದರೆ ಆ ತೊಟ್ಟಿಯನ್ನು ಶಾಲೆಯಲ್ಲಿಯೇ ಕಟ್ಟಬೇಕೋ, ಅಂಗಡಿಯಿಂದ ಕೊಂಡು ತರಬೇಕೋ ಎಂಬ ಪ್ರಶ್ನೆ ಬಂದೊಡನೆ ಅಭಿಪ್ರಾಯಗಳು ಕವಲೊಡೆಯುತ್ತವೆ. ನಾವೇ ಮಾಡಿದರೆ ಅಗ್ಗ ಎಂದು ಕೆಲವರು, ಗಾಜಿನೊಡನೆ ಮಕ್ಕಳ ಆಟ ಬೇಡವೆಂದು ಕೆಲವರು. ದಾನಿಗಳ ಹಣ ಮತ್ತು ಮಕ್ಕಳ ಸುರಕ್ಷತೆ, ಎರಡೂ ಇದರಲ್ಲಿ ಅಡಕವಾಗಿರುವುದರಿಂದ ವಿಷಯವನ್ನು ಬಿಡಿಸಿ ನೋಡುವುದು ಉಚಿತ.

ಸ್ವಲ್ಪ ಹಿನ್ನೆಲೆ

ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹೊಂಬಣ್ಣದ ಮೀನು, ವ್ಯಾಲಿಸ್ನೇರಿಯ ಎಂಬ ಜಲಸಸ್ಯ ಮತ್ತು ನೀರುಬಸವನಹುಳು, ಈ ಮೂರನ್ನು ಒಂದೇ ಪಾತ್ರೆಯಲ್ಲಿಟ್ಟು ಅವು ಒಂದನ್ನೊಂದು ಪೋಷಿಸುವುದನ್ನು ತೋರಿಸಿದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಈ ವಿಷಯವನ್ನೇ ಕುರಿತು ಪುಸ್ತಕ ಬರೆದನು. ಬಹುಕಾಲ ತೊಟ್ಟಿಗಳನ್ನು ಲೋಹದ ಚೌಕಟ್ಟಿನಲ್ಲಿ ಗಾಜು ಕೂಡಿಸಿ, ಸಂದಿಗೆ ಪುಟ್ಟಿ ಮೆತ್ತಿ ಕಟ್ಟುತ್ತಿದ್ದರು. ಚೌಕಟ್ಟು ತುಕ್ಕು ಹಿಡಿಯುತ್ತಿತ್ತು, ಪುಟ್ಟಿ ಒಣಗಿ ಬಿರುಕು ಬಿಡುತ್ತಿತ್ತು. 1960ರ ದಶಕದಲ್ಲಿ ಸಿಲಿಕೋನ್ ಅಂಟು ಬಳಕೆಗೆ ಬಂದ ಮೇಲೆ ಚೌಕಟ್ಟಿಲ್ಲದೆ ಗಾಜಿಗೆ ಗಾಜನ್ನೇ ಅಂಟಿಸುವುದು ಸಾಧ್ಯವಾಯಿತು. ಇಂದು ತೊಟ್ಟಿಯನ್ನು ಮನೆಯಲ್ಲಿ ಕಟ್ಟುವ ಮಾತು ಸುಲಭವಾಗಿ ಬರುವುದು ಈ ಅಂಟಿನಿಂದಲೇ.

ನೀರಿನ ಒತ್ತಡದ ಲೆಕ್ಕ

ತೊಟ್ಟಿಯ ಗೋಡೆಯ ಮೇಲೆ ಬೀಳುವ ಒತ್ತಡವು ನೀರಿನ ಆಳವನ್ನು ಅವಲಂಬಿಸುತ್ತದೆಯೇ ಹೊರತು ಒಟ್ಟು ಪ್ರಮಾಣವನ್ನಲ್ಲ. ತೊಟ್ಟಿಯನ್ನು ಅಗಲಗೊಳಿಸಿದ ಮಾತ್ರಕ್ಕೆ ಎದುರುಗಡೆಯ ಗಾಜಿಗೆ ಹೆಚ್ಚಿನ ಭಾರ ಬೀಳದು, ಎತ್ತರಗೊಳಿಸಿದರೆ ಬೀಳುತ್ತದೆ. 60 ಸೆಂ.ಮೀ. ಉದ್ದದ ಗೋಡೆಗೆ 30 ಸೆಂ.ಮೀ. ಆಳದ ನೀರು ತಾಗಿದ್ದರೆ ಅದರ ಮೇಲಿನ ಒಟ್ಟು ಬಲ ಸುಮಾರು 27 ಕಿಲೋಗ್ರಾಂ ತೂಕದಷ್ಟು. ಅದೇ ಉದ್ದದ ಗೋಡೆಗೆ ಆಳವನ್ನು 45 ಸೆಂ.ಮೀ. ಮಾಡಿದರೆ ಬಲ 60 ಕಿಲೋಗ್ರಾಂ ಮೀರುತ್ತದೆ. ಆಳ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟಾಗುತ್ತದೆ. ಆಳ ಇಮ್ಮಡಿಸಿದರೆ ಬಲ ನಾಲ್ಕು ಮಡಿಯಾಗುತ್ತದೆ. ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಂದ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸುವುದೇ ಒಂದು ಒಳ್ಳೆಯ ಪಾಠ.

ಹಣದ ಲೆಕ್ಕ

ಮಾರುಕಟ್ಟೆಗಾಗಿ ತೊಟ್ಟಿ ತಯಾರಿಸುವವರು ಒಂದೇ ಅಳತೆಯ ಹಲವಾರು ತೊಟ್ಟಿಗಳನ್ನು ಮಾಡುತ್ತಾರೆ. ದೊಡ್ಡ ಹಾಳೆಯಿಂದ ಗಾಜು ವ್ಯರ್ಥವಾಗದಂತೆ ಕತ್ತರಿಸುತ್ತಾರೆ. ನಾವಾದರೋ ಐದು ತುಂಡುಗಳಿಗಾಗಿ ಅಂಗಡಿಗೆ ಹೋಗಿ, ಗಾಜಿನ ಬೆಲೆ, ಅಂಚು ಸಾಣೆ ಹಿಡಿಸಿದ ಕೂಲಿ, ಅಂಟಿನ ಬೆಲೆ ಎಲ್ಲವನ್ನೂ ಚಿಲ್ಲರೆಯಾಗಿ ತೆರಬೇಕು. ಆದ್ದರಿಂದ ಸಣ್ಣ ತೊಟ್ಟಿಯಲ್ಲಿ ಉಳಿತಾಯವು ಅತ್ಯಲ್ಪ. ಕೆಲವೊಮ್ಮೆ ಕೊಂಡದ್ದೇ ಅಗ್ಗವಾಗುವುದುಂಟು. ದೊಡ್ಡ ತೊಟ್ಟಿಯಲ್ಲಿಯೂ ಗೋಡೆಯ ಗೂಡಿಗೆ ಹೊಂದುವಂತಹ ವಿಶೇಷ ಅಳತೆಯ ತೊಟ್ಟಿಯಲ್ಲಿಯೂ ಮಜೂರಿ ಉಳಿಯುವುದು ನಿಜ. ಆದರೆ ಮೇಲಿನ ಲೆಕ್ಕದ ಪ್ರಕಾರ ಅಪಾಯವು ಬೆಳೆಯುವುದೂ ಅಲ್ಲಿಯೇ. ಕಟ್ಟುವುದು ಎಲ್ಲಿ ಸುರಕ್ಷಿತವೋ ಅಲ್ಲಿ ಹಣ ಉಳಿಯದು; ಎಲ್ಲಿ ಹಣ ಉಳಿಯುವುದೋ ಅಲ್ಲಿ ಹೊಸಬನ ಕೈ ಸಾಲದು. ಹೀಗಿರಲು, ಅಗ್ಗವೆಂಬ ಕಾರಣಕ್ಕೆ ಶಾಲೆಯು ತೊಟ್ಟಿ ಕಟ್ಟಲು ಹೊರಡುವುದು ಯುಕ್ತವಲ್ಲ. ಕಲಿಕೆಗಾಗಿ ಸಣ್ಣದೊಂದನ್ನು ಕಟ್ಟುವುದು ಮಾತ್ರ ಸಾರ್ಥಕ.

ಕಟ್ಟುವ ಕ್ರಮ

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಾಜು 6 ಮಿ.ಮೀ. ದಪ್ಪವಿರಲಿ. ಹಳೆಯ ಕಿಟಕಿಯಿಂದ ಬಿಚ್ಚಿದ ತೆಳುಗಾಜು ಕೂಡದು. ತಳಕ್ಕೆ 60×30 ಸೆಂ.ಮೀ.ನ ಒಂದು ತುಂಡು, ಮುಂದೆ ಹಿಂದೆ ಅದೇ ಅಳತೆಯ ಎರಡು ತುಂಡು, ಪಕ್ಕಗಳಿಗೆ 28.6×30 ಸೆಂ.ಮೀ.ನ ಎರಡು ತುಂಡು ಬೇಕು. ಪಕ್ಕದ ತುಂಡುಗಳು 30ರ ಬದಲು 28.6 ಏಕೆಂದು ವಿದ್ಯಾರ್ಥಿಗಳನ್ನು ಕೇಳಬೇಕು. ಅವು ಮುಂದಿನ ಮತ್ತು ಹಿಂದಿನ ಗಾಜುಗಳ ನಡುವೆ ನಿಲ್ಲುವುದರಿಂದ ಎರಡು ಗಾಜುಗಳ ದಪ್ಪ 12 ಮಿ.ಮೀ., ಅಂಟಿಗೆ ಎರಡು ಕಡೆ ಒಂದೊಂದು ಮಿ.ಮೀ., ಒಟ್ಟು 14 ಮಿ.ಮೀ. ಕಳೆಯಬೇಕಾಗುತ್ತದೆ.

ಗಾಜನ್ನು ಅಂಗಡಿಯವರೇ ಕತ್ತರಿಸಿ, ಅಂಚುಗಳನ್ನು ಸಾಣೆ ಹಿಡಿದು ಕೊಡಲಿ. ಆ ಕೆಲಸವನ್ನು ಮಕ್ಕಳಿಂದ ಮಾಡಿಸಕೂಡದು. ಅಂಟುವ ಅಂಚುಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಅನಂತರ ಬೆರಳು ತಾಗಿಸಬಾರದು. ಬೆರಳಿನ ಜಿಡ್ಡೇ ಸೋರಿಕೆಗೆ ದಾರಿ. ಮೀನುತೊಟ್ಟಿಗೆ ಯೋಗ್ಯವೆಂದು ನಮೂದಿಸಿದ ಸಿಲಿಕೋನನ್ನೇ ಕೊಳ್ಳಬೇಕು. ಸ್ನಾನದ ಮನೆಗಾಗಿ ಬೂಷ್ಟು ನಿರೋಧಕ ಬೆರೆಸಿದ ಅಂಟು ಮೀನುಗಳಿಗೆ ವಿಷ. ಮೊದಲು ತಳದ ಮೇಲೆ ಹಿಂದಿನ ಗಾಜು, ಬಳಿಕ ಪಕ್ಕದವು, ಕೊನೆಗೆ ಮುಂದಿನ ಗಾಜು ನಿಲ್ಲಿಸಿ, ಮೂಲೆಮಟ್ಟ ಹಿಡಿದು ನೋಡಿ, ಹೊರಗಿನಿಂದ ಅಂಟುಪಟ್ಟಿ ಬಿಗಿಯಬೇಕು. ಒಳಮೂಲೆಗಳಲ್ಲಿ ಅಂಟಿನ ಇನ್ನೊಂದು ಎಳೆ ಎಳೆದು ಬೆರಳಿನಿಂದ ನಯಗೊಳಿಸಬೇಕು.

ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವಾಂಶದಿಂದ. ಆಗ ಬರುವ ಹುಳಿವಾಸನೆ ಅಸಿಟಿಕ್ ಆಮ್ಲದ್ದು. ಆ ವಾಸನೆ ಪೂರ್ತಿ ಅಡಗುವವರೆಗೆ ನೀರು ತುಂಬಬಾರದು. ಒಂದು ವಾರ ಬಿಡುವುದು ಕ್ಷೇಮ. ಬಳಿಕ ತೊಟ್ಟಿಯನ್ನು ಅಂಗಳದಲ್ಲಿ ಸಮತಟ್ಟಾದ ಜಾಗದಲ್ಲಿಟ್ಟು ಅಂಚಿನವರೆಗೆ ನೀರು ತುಂಬಿ ಕನಿಷ್ಠ ಎರಡು ದಿನ ನೋಡಬೇಕು. ಸೋರಿದರೆ ಹಳೆಯ ಅಂಟಿನ ಮೇಲೆ ಹೊಸ ಅಂಟು ಬಳಿದು ಪ್ರಯೋಜನವಿಲ್ಲ, ಅದು ಚೆನ್ನಾಗಿ ಹಿಡಿಯುವುದಿಲ್ಲ. ಹಳೆಯದನ್ನು ಕೆರೆದು ತೆಗೆದೇ ಹೊಸದನ್ನು ಹಾಕಬೇಕು.

ಈ ತೊಟ್ಟಿಯ ಗಾಜೇ ಸುಮಾರು 11 ಕಿಲೋಗ್ರಾಂ ತೂಗುತ್ತದೆ. ಮೇಲೆ 3 ಸೆಂ.ಮೀ. ಬಿಟ್ಟು ತುಂಬಿದರೆ ಸುಮಾರು 46 ಲೀಟರು ನೀರು ಹಿಡಿಯುತ್ತದೆ. ಮರಳುಕಲ್ಲು ಸೇರಿದರೆ ಒಟ್ಟು ಭಾರ 60 ಕಿಲೋಗ್ರಾಂ ಮೀರುವುದರಿಂದ ಗಟ್ಟಿಮುಟ್ಟಾದ, ರಸಮಟ್ಟದಿಂದ ಪರೀಕ್ಷಿಸಿದ ಮೇಜು ಬೇಕು. ತಳದಡಿ ಥರ್ಮೋಕೋಲ್ ಹಾಳೆ ಹಾಸಬೇಕು. ನೀರಿರುವ ತೊಟ್ಟಿಯನ್ನು ಎಂದೂ ಎತ್ತಬಾರದು.

ಕೊಳ್ಳುವಾಗ

45 ಸೆಂ.ಮೀ. ಅಥವಾ ಅದಕ್ಕಿಂತ ಎತ್ತರದ ತೊಟ್ಟಿ ಬೇಕಾದಲ್ಲಿ ಅನುಭವಸ್ಥರಿಂದ ಕೊಳ್ಳುವುದೇ ಮೇಲು. ಆಗಲೂ ಗಾಜಿನ ದಪ್ಪವನ್ನು ಅಳೆದು ನೋಡಬೇಕು. ಮೇಲಂಚಿನಲ್ಲಿ ಬಲಕ್ಕಾಗಿ ಅಡ್ಡಪಟ್ಟಿಗಳಿವೆಯೇ, ಅಂಟಿನಲ್ಲಿ ಗಾಳಿಗುಳ್ಳೆಗಳಿವೆಯೇ ಎಂದು ಪರೀಕ್ಷಿಸಬೇಕು. ಶಾಲೆಗೆ ತಂದ ಮೇಲೆ ಅದಕ್ಕೂ ಅಂಗಳದ ನೀರಿನ ಪರೀಕ್ಷೆ ತಪ್ಪಬಾರದು. ಸಾಗಣೆಯ ಕುಲುಕಾಟದಲ್ಲಿ ಒಳ್ಳೆಯ ತೊಟ್ಟಿಯ ಸಂದಿಯೂ ಸಡಿಲಗೊಳ್ಳಬಹುದು.

ದಾನಿಗಳಲ್ಲಿ ಒಂದು ವಿನಂತಿ

ಕಟ್ಟಿದ್ದಾಗಲಿ, ಕೊಂಡದ್ದಾಗಲಿ, ತೊಟ್ಟಿ ಸಿದ್ಧವಾದ ದಿನವೇ ಮೀನುಗಳನ್ನು ತುಂಬಿ ಉದ್ಘಾಟಿಸುವುದು ಸರಿಯಲ್ಲ. ಮೀನಿನ ಮಲಮೂತ್ರದಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ಮೊದಲು ನೈಟ್ರೈಟಾಗಿ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೊದಲ ತಿಂಗಳಲ್ಲಿ ಮೀನುಗಳು ಸಾಯುವುದಕ್ಕೆ ಇದೇ ಸಾಮಾನ್ಯ ಕಾರಣ.

ಇನ್ನೊಂದು ಸಂಗತಿ ಬೇಸಗೆಯ ರಜೆ. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ. ಏಪ್ರಿಲ್-ಮೇ ತಿಂಗಳಲ್ಲಿ ಕೊಠಡಿ ಮುಚ್ಚಿದ್ದು, ವಿದ್ಯುತ್ತು ಹೋಗಿ ಗಾಳಿಯ ಪಂಪು ನಿಂತರೆ ಮೀನುಗಳ ಗತಿಯೇನು? ಆದಕಾರಣ ತೊಟ್ಟಿಯನ್ನು ಕೊಡಬಯಸುವ ದಾನಿಗಳು ವರ್ಷದ ಆಹಾರ, ವಿದ್ಯುತ್ತು, ರಜೆಯ ದಿನಗಳಲ್ಲಿ ನೋಡಿಕೊಳ್ಳುವವರ ಸಂಬಳ, ಇವುಗಳಿಗೂ ಅಲ್ಪ ಮೊತ್ತವನ್ನು ಮೀಸಲಿರಿಸಿದರೆ ದಾನವು ಪೂರ್ಣವಾಗುತ್ತದೆ. ಊರಿನಲ್ಲಿಯೇ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಸರದಿಯಂತೆ ಬಂದು ನೋಡಿಕೊಳ್ಳಲೂಬಹುದು. ಅಂತಹ ಏರ್ಪಾಡು ಆಗದಿದ್ದಲ್ಲಿ ರಜೆಗೆ ಮುನ್ನ ಮೀನುಗಳನ್ನು ಸಾಕಬಲ್ಲವರ ಮನೆಗೆ ಒಪ್ಪಿಸಿ, ತೊಟ್ಟಿಯನ್ನು ತೊಳೆದು ಬರಿದಾಗಿ ಇಡುವುದು ಲೇಸು. ಜೂನ್‌ನಲ್ಲಿ ಶಾಲೆ ತೆರೆದಾಗ ಮಕ್ಕಳು ಸತ್ತ ಮೀನುಗಳನ್ನು ಕಾಣುವಂತಾಗಬಾರದು.