ಕುಬಸದ ಖಣಕ್ಕೆ ಸೂಜಿ ಇಡುವ ಮೊದಲು: ಮೆಷಿನ್ ಎಂಬ್ರಾಯ್ಡರಿ ಟೆಸ್ಟ್ ಹಂತ ಹಂತವಾಗಿ

ರೇಷ್ಮೆಯಲ್ಲಿ ಬಿದ್ದ ಸೂಜಿತೂತು ಮುಚ್ಚಿಕೊಳ್ಳುವುದಿಲ್ಲ. ಹತ್ತಿ ಬಟ್ಟೆಯಾದರೆ ಹೊಲಿಗೆ ಬಿಚ್ಚಿ, ನೀರು ಚಿಮುಕಿಸಿ, ಉಗುರಿನಿಂದ ಉಜ್ಜಿದರೆ ಎಳೆಗಳು ಸುಮಾರಾಗಿ ಕೂಡಿಕೊಳ್ಳುತ್ತವೆ. ಕುಪ್ಪಸದ ಖಣ, ರೇಷ್ಮೆ, ಇಳಕಲ್ ಸೀರೆಯ ಸೆರಗು ಇವುಗಳ ಮೇಲೆ ಏಳೆಂಟು ಸಾವಿರ ಹೊಲಿಗೆ ಬಿದ್ದ ಮೇಲೆ ಬಿಚ್ಚುವ ಮಾತೇ ಇಲ್ಲ. ತೇರದಾಳ, ರಬಕವಿ, ಬನಹಟ್ಟಿ ಕಡೆ ಮನೆಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ಇಟ್ಟುಕೊಂಡವರ ಕೈಗೆ ಬರುವುದು ಬಹಳ ಸಲ ಇಂಥ ಬಟ್ಟೆಯೇ, ಅದೂ ಗಿರಾಕಿಯದು. “ನಾಡಿದ್ದು ಕುಬಸ ಐತ್ರಿ ಅಕ್ಕಾರ, ನಾಳೆ ಸಂಜಿಗೆ ಕೊಟ್ಟುಬಿಡ್ರಿ” ಎಂದು ಸೀಮಂತದ ಮನೆಯವರು ಇಟ್ಟು ಹೋದ ಹಸಿರು ಖಣ ಕೆಟ್ಟರೆ, ಅದೇ ಹಸಿರಿನ, ಅದೇ ಬುಟ್ಟಾದ ಇನ್ನೊಂದು ತುಂಡು ಅಂಗಡಿಯಲ್ಲಿ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ.

ಹೊಸಬರು ಟೆಸ್ಟ್ ಮಾಡುವುದೇ ಇಲ್ಲ ಎಂದಲ್ಲ. ಮನೆಯಲ್ಲಿ ಬಿದ್ದಿರುವ ಬಿಳಿ ಕಾಟನ್ ಮೇಲೆ ಒಂದು ಸಲ ಓಡಿಸಿ, ಚೆಂದ ಬಂತು ಎಂದು ನೇರ ಖಣಕ್ಕೆ ಇಳಿಯುತ್ತಾರೆ. ಕಾಟನ್ ಮೇಲೆ ಬಂದದ್ದು ಖಣದ ಮೇಲೂ ಬರುತ್ತದೆಂದು ಯಾರು ಹೇಳಿದರು? ಪರೀಕ್ಷೆಗೆ ಕೂರಿಸಬೇಕಾದದ್ದು ಡಿಸೈನ್, ಬಟ್ಟೆ, ಅಡಿಯ ಪೇಪರ್ (ಸ್ಟೆಬಿಲೈಸರ್), ದಾರ, ಸೂಜಿ ಐದನ್ನೂ ಕೂಡಿಸಿ. ಒಂದು ಬದಲಾದರೂ ಹಳೆಯ ಟೆಸ್ಟ್ ಲೆಕ್ಕಕ್ಕಿಲ್ಲ. ಮಗ್ಗದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ದಡಿ ಹಾಕಿದಾಗ ಮೊದಲ ಗೇಣು ನೇಯ್ದು ನೋಡದೆ ಪೂರ್ತಿ ಹಾಸು ನೇಯಲು ಯಾರು ಕೂರುತ್ತಾರೆ?

ಉದಾಹರಣೆಗೆ ಒಂದು ಕೆಲಸ ಇಟ್ಟುಕೊಳ್ಳೋಣ: ಹಸಿರು ಖಣದ ಕುಪ್ಪಸ, ಬೆನ್ನಿಗೆ ನಾಲ್ಕಿಂಚಿನ ಕಸೂತಿ ಮಾದರಿಯ ಗೋಪುರ, ತೋಳಿಗೆ ಸಣ್ಣ ಬಳ್ಳಿ.

ಹಂತ 1: ಡಿಸೈನಿನ ಲೆಕ್ಕ ನೋಡಿ

ಫೈಲ್ ತೆರೆದ ಕೂಡಲೇ ಬಣ್ಣ ನೋಡಿ ಮರುಳಾಗಬೇಡಿ. ಅಳತೆ ಎಷ್ಟು, ಹೊಲಿಗೆ ಎಷ್ಟು, ಬಣ್ಣ ಬದಲಾವಣೆ ಎಷ್ಟು ಎನ್ನುವ ಮೂರು ಅಂಕಿ ಮೊದಲು ಬರೆದುಕೊಳ್ಳಿ. ಫೈಲ್ ನಿಮ್ಮ ಮೆಷಿನ್ ಓದುವ ನಮೂನೆಯಲ್ಲಿ ಇರಬೇಕು: ಬ್ರದರ್‌ಗೆ ಪಿಇಎಸ್, ಉಷಾ ಜನೋಮ್‌ಗೆ ಜೆಇಎಫ್. ಮಾರುಕಟ್ಟೆಯಲ್ಲಿ ಹೆಚ್ಚು ಓಡಾಡುವ ಡಿಎಸ್‌ಟಿ ಫೈಲಿನಲ್ಲಿ ಬಣ್ಣದ ವಿವರ ಇರುವುದಿಲ್ಲ, ಎಲ್ಲಿ ನಿಲ್ಲಬೇಕು ಎನ್ನುವುದಷ್ಟೇ ಇರುತ್ತದೆ. ಹಾಗಾಗಿ ಪರದೆ ಮೇಲೆ ಗೋಪುರ ನೀಲಿಯಾಗಿ, ಕಳಸ ಕಪ್ಪಾಗಿ ಕಂಡರೆ ಗಾಬರಿ ಬೇಡ. ಬಣ್ಣದ ಕ್ರಮವನ್ನು ನೀವೇ ಚೀಟಿಯಲ್ಲಿ ಬರೆದು ಮೆಷಿನ್ ಪಕ್ಕ ಅಂಟಿಸಿ.

ಈಗ ಒಂದು ಸಣ್ಣ ಗಣಿತ. 40 ನಂಬರ್ ದಾರದಲ್ಲಿ ತುಂಬು ಹೊಲಿಗೆಯ ಸಾಲುಗಳ ನಡುವೆ ಸಾಮಾನ್ಯವಾಗಿ 0.4 ಮಿ.ಮೀ. ಅಂತರ ಇಡುತ್ತಾರೆ. 100 ಮಿ.ಮೀ. ಚೌಕವನ್ನು ಒಂದು ಪದರ ತುಂಬಲು 250 ಸಾಲು ಬೇಕು. ಒಂದೊಂದು ಹೊಲಿಗೆ 4 ಮಿ.ಮೀ. ಎಂದರೆ ಸಾಲಿಗೆ 25. ಒಟ್ಟು 6,250 ಹೊಲಿಗೆ. ಅದೇ ಚೌಕದಲ್ಲಿ ಕೂರುವ ನಿಮ್ಮ ಡಿಸೈನ್ 20,000 ಹೊಲಿಗೆ ತೋರಿಸುತ್ತಿದ್ದರೆ ಅಲ್ಲಿ ಪದರದ ಮೇಲೆ ಪದರ ಬೀಳುತ್ತಿದೆ ಎಂದರ್ಥ. ಕುಪ್ಪಸದ ಬೆನ್ನಿನಲ್ಲಿ ಅದು ರಟ್ಟಿನಂತೆ ನಿಲ್ಲುತ್ತದೆ. ಇಂಥದ್ದನ್ನು ಟೆಸ್ಟ್ ಮಾಡುವುದಕ್ಕೂ ಹೋಗಬೇಡಿ, ಬೇರೆ ಹುಡುಕಿ.

ಅಳತೆ ಕುಗ್ಗಿಸುವಾಗಲೂ ಇದೇ ಲೆಕ್ಕ. ಬರೀ ಹೊಲಿಗೆ ಫೈಲನ್ನು ಮೆಷಿನ್‌ನಲ್ಲೇ ಚಿಕ್ಕದು ಮಾಡಿದರೆ ಅನೇಕ ಮೆಷಿನ್‌ಗಳಲ್ಲಿ ಹೊಲಿಗೆಯ ಸಂಖ್ಯೆ ಇಳಿಯುವುದಿಲ್ಲ, ಜಾಗ ಮಾತ್ರ ಇಳಿಯುತ್ತದೆ. 100 ಮಿ.ಮೀ. ಡಿಸೈನ್ 80ಕ್ಕೆ ಇಳಿದರೆ ಜಾಗ ನೂರಕ್ಕೆ 64 ಪಾಲು. ದಟ್ಟಣೆ ಒಂದೂವರೆ ಪಟ್ಟು ದಾಟುತ್ತದೆ. ನೂರಕ್ಕೆ ಹತ್ತರಾಚೆ ಹಿಗ್ಗಿಸುವುದು, ಕುಗ್ಗಿಸುವುದು ಬೇಡ. ಅದಕ್ಕಿಂತ ಹೆಚ್ಚು ಬೇಕಾದರೆ ಹೊಲಿಗೆಯನ್ನು ಹೊಸದಾಗಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಬೇಕು. ಹೊಲಿಯುವ ಮೊದಲು ಪರದೆ ಮೇಲೆ ನೋಡಲು ಇಂಕ್‌ಸ್ಟಿಚ್ ಎನ್ನುವುದು ಉಚಿತವಾಗಿ ಸಿಗುತ್ತದೆ, ಇಂಕ್‌ಸ್ಕೇಪ್ ಒಳಗೆ ಕೂರುತ್ತದೆ. ಅದರಲ್ಲಿ ಹೊಲಿಗೆ ಒಂದೊಂದಾಗಿ ಬೀಳುವುದನ್ನು ಪರದೆ ಮೇಲೆ ಓಡಿಸಿ ನೋಡಬಹುದು. ದಾರ ಖರ್ಚಿಲ್ಲದ ಮೊದಲ ಟೆಸ್ಟ್ ಅದು. ಹಾಗೆಂದು ಅದರಲ್ಲಿ ಚೆಂದ ಕಂಡ ಮಾತ್ರಕ್ಕೆ ನಂಬಬೇಡಿ. ಪರದೆಯ ಮೇಲಿನ ಬಟ್ಟೆ ಎಂದೂ ಸುಕ್ಕಾಗುವುದಿಲ್ಲ.

ಹಂತ 2: ಕಾಗದದ ಮೇಲೆ ತೆಗೆದು ಮೈಗಿಟ್ಟು ನೋಡಿ

ಡಿಸೈನನ್ನು ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ತೆಗೆಸಿ. ಝೆರಾಕ್ಸ್ ಅಂಗಡಿಯವರು ‘ಫಿಟ್ ಟು ಪೇಜ್’ ಒತ್ತಿಬಿಟ್ಟಿರುತ್ತಾರೆ, ಸ್ಕೇಲ್ ಇಟ್ಟು ಅಳೆದು ನೋಡಿ. ಕತ್ತರಿಸಿ, ನಡುವಿನ ಅಡ್ಡ ಉದ್ದ ಗೆರೆ ಹಾಕಿ, ಗಿರಾಕಿಯ ಹಳೆಯ ಕುಪ್ಪಸದ ಬೆನ್ನಿಗೆ ಪಿನ್ ಮಾಡಿ. ಕೊರಳ ಆಳ, ಹುಕ್ಕಿನ ಪಟ್ಟಿ, ಡಾರ್ಟ್ ಎಲ್ಲಿ ಬರುತ್ತವೆ ಎನ್ನುವುದು ಆಗಲೇ ಕಾಣುತ್ತದೆ. ಗೋಪುರದ ಕಳಸ ಕೊರಳಪಟ್ಟಿಯೊಳಗೆ ಹೋಗುವಂತಿದ್ದರೆ ಗೊತ್ತಾಗಬೇಕಾದದ್ದು ಈಗ.

ಹಂತ 3: ಟೆಸ್ಟ್ ತುಂಡು ಎಲ್ಲಿಂದ?

ಅದೇ ಖಣದಿಂದ. ಕುಪ್ಪಸದ ಪೇಪರ್ ಕಟಿಂಗ್ ಅನ್ನು ಖಣದ ಮೇಲೆ ಹಾಸಿ ಚಾಕ್ ಹಾಕಿ. ಕಂಕುಳಿನ ಸುತ್ತು, ತೋಳಿನ ಅಂಚಿನಲ್ಲಿ ಉಳಿಯುವ ಮೂಲೆಗಳು ನಿಮ್ಮ ಟೆಸ್ಟ್ ತುಂಡು. ಬೆನ್ನು, ತೋಳುಗಳನ್ನು ಮಾತ್ರ ಈಗಲೇ ಕತ್ತರಿಸಬೇಡಿ. ಫ್ರೇಮ್ ಹಿಡಿಯಲು ಸುತ್ತ ಬಟ್ಟೆ ಬೇಕು, ಎಂಬ್ರಾಯ್ಡರಿ ಆದ ಮೇಲೆ ಬಟ್ಟೆ ಸ್ವಲ್ಪ ಒಳಗೆ ಎಳೆದುಕೊಳ್ಳುತ್ತದೆ; ಕಟಿಂಗ್ ಆಮೇಲೆ.

ಮೂಲೆ ತುಂಡು ಫ್ರೇಮಿಗೆ ಸಾಲದು ಎನ್ನುತ್ತೀರಿ. ಹಳೆಯ ಗಟ್ಟಿ ಕಾಟನ್ ನಡುವೆ ಖಣದ ತುಂಡನ್ನಿಟ್ಟು ನಾಲ್ಕೂ ಅಂಚು ಹೊಲಿಯಿರಿ, ಹಿಂದಿನಿಂದ ಕಾಟನ್ನಿನಲ್ಲಿ ಕಿಟಕಿ ಕತ್ತರಿಸಿ ತೆಗೆಯಿರಿ. ಫ್ರೇಮ್ ಹಿಡಿಯುವುದು ಕಾಟನ್ನನ್ನು, ಸೂಜಿ ಇಳಿಯುವುದು ಖಣಕ್ಕೆ. ಎಳೆಯ ದಿಕ್ಕು ಮಾತ್ರ ನಿಜವಾದ ಕುಪ್ಪಸದಲ್ಲಿ ಹೇಗಿರುತ್ತದೋ ಹಾಗೇ ಇರಲಿ. ಓರೆ ತುಂಡಿನ ಟೆಸ್ಟ್ ಸುಳ್ಳು ಹೇಳುತ್ತದೆ. ಕುಪ್ಪಸದ ಜೊತೆ ಅಸ್ತರವನ್ನೂ ಸೇರಿಸಿ ಎಂಬ್ರಾಯ್ಡರಿ ಮಾಡುವುದಾದರೆ ಟೆಸ್ಟಿಗೂ ಅದೇ ಅಸ್ತರ ಹಾಕಿ.

ಹಂತ 4: ಪೇಪರ್, ಫ್ರೇಮ್, ಸೂಜಿ, ದಾರ

ಅಡಿಯ ಪೇಪರಿನಲ್ಲಿ ಎರಡು ಬಗೆ: ಹರಿದು ತೆಗೆಯುವುದು, ಕತ್ತರಿಸಿ ತೆಗೆಯುವುದು. ಗೆರೆ ಹೊಲಿಗೆಯ ಹಗುರ ಕಸೂತಿಗೆ ಹರಿಯುವ ಪೇಪರ್ ಸಾಕು. ತುಂಬು ಹೊಲಿಗೆಯ ನವಿಲು, ಕಮಲಕ್ಕೆ ಕತ್ತರಿಸುವ ಪೇಪರೇ ಬೇಕು. ಕಾಲರ್ ಬಕ್ರಂ ಹಾಕಿ ಕೆಲಸ ಮುಗಿಸುವವರಿದ್ದಾರೆ. ಬೆನ್ನು ಬಿರುಸಾಗಿ ನಿಲ್ಲುತ್ತದೆ, ನನಗೆ ಹಿಡಿಸುವುದಿಲ್ಲ.

ಫ್ರೇಮ್ ಹಾಕಿದ ಬಟ್ಟೆ ಬಿಗಿಯಾಗಿ, ಆದರೆ ಎಳೆ ಸೊಟ್ಟಾಗದೆ ಇರಬೇಕು. ಫ್ರೇಮ್ ಹಾಕಿದ ಮೇಲೆ ಮೂಲೆ ಹಿಡಿದು ಜಗ್ಗುವ ಅಭ್ಯಾಸ ಬಿಡಿ: ಜಗ್ಗಿದ ಬಟ್ಟೆ ಫ್ರೇಮ್ ಬಿಚ್ಚಿದಾಗ ತನ್ನ ಅಳತೆಗೆ ಮರಳುತ್ತದೆ, ಹೊಲಿಗೆ ಮರಳುವುದಿಲ್ಲ. ಸುಕ್ಕು ಹುಟ್ಟುವುದು ಹೀಗೆ. ಒಳ ಫ್ರೇಮಿಗೆ ಹತ್ತಿಯ ಪಟ್ಟಿ ಸುತ್ತಿದರೆ ರೇಷ್ಮೆಯ ಮೇಲೆ ಗುರುತು ಕೂರುವುದಿಲ್ಲ.

ಸೂಜಿ 75/11, ಹೊಸದು. ಜರಿ ದಾರ ಹಾಕುವುದಾದರೆ 90/14, ವೇಗವೂ ಕಡಿಮೆ. ದಾರ ಬಹಳ ದಿನ ಅಂಗಡಿಯ ಬಿಸಿಲಿನಲ್ಲಿ ಕೂತದ್ದಾದರೆ ಒಂದು ಮೊಳ ಬಿಚ್ಚಿ ಜಗ್ಗಿ ನೋಡಿ. ಪಟ್ಟನೆ ತುಂಡಾದರೆ ಅದು ಕೈಹೊಲಿಗೆಗೂ ಬೇಡ.

ಹಂತ 5: ಡಿಸೈನಿಗೆ ಮೊದಲು ಒಂದು ಕಂಬ

ನೇರ ಗೋಪುರಕ್ಕೆ ಹೋಗದೆ, ಒಂದಿಂಚು ಎತ್ತರ, 5 ಮಿ.ಮೀ. ಅಗಲದ ಒಂದು ಸ್ಯಾಟಿನ್ ಕಂಬ ಹೊಲಿಯಿರಿ. ತಿರುಗಿಸಿ ಹಿಂಭಾಗ ನೋಡಿ. ನಡುವಿನ ಮೂರನೇ ಒಂದು ಪಾಲು ಬಾಬಿನ್ನಿನ ಬಿಳಿ ದಾರ, ಎರಡೂ ಬದಿಗೆ ಮೇಲಿನ ಬಣ್ಣ ಕಂಡರೆ ಟೆನ್ಶನ್ ಸರಿ. ಬಿಳಿ ಕಾಣದೇ ಹೋದರೆ ಮೇಲಿನ ದಾರ ಸಡಿಲ. ಬಿಳಿಯೇ ತುಂಬಿದ್ದರೆ, ಅಥವಾ ಮುಂಭಾಗದ ಅಂಚಿನಲ್ಲಿ ಬಿಳಿ ಚುಕ್ಕೆ ಇಣುಕಿದರೆ ಮೇಲಿನ ದಾರ ಬಿಗಿ. ಟೆನ್ಶನ್ ತಿರುಗಿಸುವ ಮೊದಲು ಒಮ್ಮೆ ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿ, ಬಾಬಿನ್ ಕೇಸಿನ ಜುಂಗು ಊದಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಹಂತ 6: ಮೊದಲ ಓಟ

ನಿಮಿಷಕ್ಕೆ 400ರಿಂದ 500 ಹೊಲಿಗೆಯ ವೇಗ ಇಡಿ. ಮೆಷಿನ್ ಬಿಟ್ಟು ಒಲೆ ಕಡೆ ಹೋಗಬೇಡಿ. ಮೊದಲು ಬೀಳುವ ವಿರಳ ಹೊಲಿಗೆ ಅಡಿಪದರ. ಅದು ಬಟ್ಟೆಯನ್ನು ಪೇಪರಿಗೆ ಕಟ್ಟಿಹಾಕುತ್ತದೆ. ಅಡಿಪದರವೇ ಇಲ್ಲದೆ ನೇರ ದಟ್ಟ ಹೊಲಿಗೆ ಶುರುವಾದರೆ ಡಿಸೈನ್ ಮಾಡಿದವರು ಅವಸರ ಮಾಡಿದ್ದಾರೆ ಎಂದು ತಿಳಿಯಿರಿ. ದಾರ ತುಂಡಾದ ಜಾಗ, ಬಣ್ಣ ಬದಲಾದ ಕ್ರಮ, ಉದ್ದ ಜಿಗಿತ ಬಿದ್ದ ಕಡೆ ಎಲ್ಲ ಗುರುತು ಹಾಕಿಕೊಳ್ಳಿ. ಒಂದೇ ಜಾಗದಲ್ಲಿ ಎರಡು ಸಲ ದಾರ ತುಂಡಾದರೆ ತಪ್ಪು ಬಹುಮಟ್ಟಿಗೆ ಡಿಸೈನಿನದು. ಎಲ್ಲೆಂದರಲ್ಲಿ ತುಂಡಾದರೆ ಸೂಜಿ, ದಾರ, ಟೆನ್ಶನ್ ನೋಡಿ.

ಕರೆಂಟ್ ಹೋದರೆ ಫ್ರೇಮ್ ಬಿಚ್ಚಬೇಡಿ. ನಿಂತ ಜಾಗದಿಂದ ಮುಂದುವರಿಯುವ ಸೌಲಭ್ಯ ಹಲವು ಮೆಷಿನ್‌ಗಳಲ್ಲಿದೆ. ನಿಮ್ಮದರಲ್ಲಿ ಹೇಗೆಂದು ತಿಳಿಯಲು ಟೆಸ್ಟ್ ನಡೆಯುವಾಗ ನೀವೇ ಒಮ್ಮೆ ಸ್ವಿಚ್ ಆರಿಸಿ ನೋಡಿ. ಗಿರಾಕಿಯ ಖಣದ ಮೇಲೆ ಅದನ್ನು ಕಲಿಯುವುದು ಬೇಡ.

ಹಂತ 7: ತುಂಡನ್ನು ಓದುವುದು

ಇದೇ ನಿಜವಾದ ಕೆಲಸ, ನಿಧಾನವಾಗಿ ಮಾಡಿ. ಫ್ರೇಮಿನಲ್ಲಿ ಇರುವಾಗ ಒಮ್ಮೆ ನೋಡಿ, ಬಿಚ್ಚಿ ಹತ್ತು ನಿಮಿಷ ಮೇಜಿನ ಮೇಲೆ ಬಿಟ್ಟು ಮತ್ತೆ ನೋಡಿ. ಫ್ರೇಮಿನಲ್ಲಿ ಎಲ್ಲವೂ ಚೆಂದವೇ.

ಗೋಪುರದ ಮೈ ತುಂಬಿದ ಬಣ್ಣಕ್ಕೂ ಅದರ ಸುತ್ತಿನ ಗೆರೆಗೂ ನಡುವೆ ಹಸಿರು ಸಂದು ಇಣುಕುತ್ತಿದೆಯೇ? ಹೊಲಿಗೆ ತಾನು ಸಾಗುವ ದಿಕ್ಕಿನಲ್ಲಿ ಬಟ್ಟೆಯನ್ನು ಒಳಗೆಳೆಯುತ್ತದೆ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಹೊರಗೆ ತಳ್ಳುತ್ತದೆ. ಹೀಗಾಗಿಯೇ ಪರದೆಯ ಮೇಲೆ ದುಂಡಗಿದ್ದ ಕಳಸ ಬಟ್ಟೆಯ ಮೇಲೆ ಮೊಟ್ಟೆಯಾಗುವುದು. ಮೊದಲು ಪೇಪರ್ ಗಟ್ಟಿ ಮಾಡಿ. ಆಗಲೂ ಸಂದು ಉಳಿದರೆ ಸಾಫ್ಟ್‌ವೇರ್‌ನಲ್ಲಿ ಎಳೆತದ ಭರ್ತಿಯನ್ನು (ಪುಲ್ ಕಾಂಪೆನ್ಸೇಶನ್) 0.2 ಮಿ.ಮೀ. ಏರಿಸಿ.

ಸುತ್ತಲೂ ಬಟ್ಟೆ ನೆರಿಗೆ ಕಟ್ಟಿದ್ದರೆ ಕಾರಣ ಮೂರರಲ್ಲಿ ಒಂದು: ಫ್ರೇಮ್ ಜಗ್ಗಿದ್ದು, ಪೇಪರ್ ತೆಳುವಾದದ್ದು, ಹೊಲಿಗೆ ದಟ್ಟವಾದದ್ದು. ಇಸ್ತ್ರಿ ಮಾಡಿದರೆ ಹೋದೀತು ಎಂದುಕೊಳ್ಳಬೇಡಿ.

ಖಣದಲ್ಲಿ ಒಂದು ವಿಶೇಷ ತೊಂದರೆಯಿದೆ. ಅದರ ನೇಯ್ಗೆಯಲ್ಲೇ ಸಣ್ಣ ಬುಟ್ಟಾ ಉಬ್ಬಿ ನಿಂತಿರುತ್ತದೆ. ಒಂದು ಮಿ.ಮೀ.ಗಿಂತ ಸಪೂರವಾದ ಸ್ಯಾಟಿನ್ ಗೆರೆ ಆ ಉಬ್ಬುಗಳ ನಡುವೆ ಹೂತು ಹೋಗುತ್ತದೆ. ಗೆರೆಯನ್ನು ದಪ್ಪ ಮಾಡಿ, ಇಲ್ಲವೇ ನೀರಿನಲ್ಲಿ ಕರಗುವ ತೆಳು ಹಾಳೆಯನ್ನು ಮೇಲೆ ಹಾಸಿ ಹೊಲಿಯಿರಿ. ಮುಗಿದ ಮೇಲೆ ಹಾಳೆಯನ್ನು ಕೈಯಿಂದ ಹರಿದು, ಉಳಿದದ್ದಕ್ಕೆ ಮಾತ್ರ ಒದ್ದೆ ಹತ್ತಿ ಒತ್ತಿ. ಖಣವನ್ನು ನೀರಿಗೆ ಅದ್ದಬೇಡಿ. ಇನ್ನೊಂದು: ಬುಟ್ಟಾಗಳು ಸಾಲಾಗಿರುವುದರಿಂದ ಗೋಪುರ ಒಂದೆರಡು ಡಿಗ್ರಿ ಸೊಟ್ಟಗಾದರೂ ಮೊದಲು ಕಣ್ಣಿಗೆ ಬೀಳುವುದು ಅದೇ. ಸಾದಾ ಬಟ್ಟೆಯಲ್ಲಿ ಯಾರಿಗೂ ಕಾಣದ ಸೊಟ್ಟು ಇಲ್ಲಿ ಬಾಗಿಲಿನಿಂದಲೇ ಕಾಣುತ್ತದೆ.

ಕಸೂತಿ ಮಾದರಿಯ ಡಿಸೈನಿಗೆ ಪ್ರತ್ಯೇಕ ಪರೀಕ್ಷೆ ಬೇಕು. ಧಾರವಾಡ ಸೀಮೆಯ ಕೈಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಎಳೆ ಎಣಿಸಿ ಹಾಕುವಂಥವು. ಗವಂತಿ, ಮುರಗಿ ಹಾಕಿದ ಬಟ್ಟೆ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಮೆಷಿನ್‌ಗೆ ಎಳೆ ಎಣಿಸಲು ಬಾರದು. ಅದರ ಒಂಟಿ ಗೆರೆ ಹೊಲಿಗೆ ಬಡಕಲಾಗಿ ಕಾಣುತ್ತದೆ. ಅದೇ ದಾರಿಯಲ್ಲಿ ಮೂರು ಸಲ ಹೋಗುವ ಹೊಲಿಗೆ ಹಾಕಿಸಿದರೆ ಕೈಹೊಲಿಗೆಯ ತುಂಬು ಹತ್ತಿರ ಬರುತ್ತದೆ. ಗೋಪುರದ ಮೆಟ್ಟಿಲುಗಳ ಮೂಲೆಗಳನ್ನು ಭೂತಗನ್ನಡಿ ಹಿಡಿದು ನೋಡಿ: ಮೆಟ್ಟಿಲಿನ ಉದ್ದ 5 ಮಿ.ಮೀ., ಹೊಲಿಗೆ 2 ಮಿ.ಮೀ. ಎಂದಿದ್ದರೆ ಹೊಲಿಗೆ ಮೂಲೆಗೆ ಸರಿಯಾಗಿ ಬೀಳದೆ ಮೂಲೆ ಮೊಂಡಾಗಬಹುದು. ಹೊಲಿಗೆಯನ್ನು 2.5 ಮಾಡಿದರೆ ನೆಟ್ಟಗಾಗುತ್ತದೆ. ಸೆರಗಿನಂತೆ ಹಿಂಭಾಗ ಕಾಣುವ ಕಡೆ ಬಾಬಿನ್ನಿಗೂ ಅದೇ ಬಣ್ಣದ ದಾರ ತುಂಬಿ, ಆ ಜೋಡಿಗೆ ಟೆನ್ಶನ್ ಮತ್ತೆ ನೋಡಿ. ಎಷ್ಟೇ ಚೆಂದ ಬಂದರೂ ಇದು ಮೆಷಿನ್ ಕೆಲಸ ಎಂದೇ ಗಿರಾಕಿಗೆ ಹೇಳಿ. ಕೈಕಸೂತಿಯ ಹೆಸರಿನಲ್ಲಿ ಮಾರುವುದು ಮೋಸ.

ಹಂತ 8: ನೀರು, ಇಸ್ತ್ರಿ

ಒದ್ದೆ ಬಿಳಿ ಬಟ್ಟೆಯಿಂದ ಟೆಸ್ಟ್ ತುಂಡಿನ ಮೂಲೆ ಉಜ್ಜಿ. ಹಸಿರು ಇಳಿದರೆ ಬಿಳಿ, ಕೆನೆ ಬಣ್ಣದ ದಾರ ಹಾಕುವ ಯೋಚನೆ ಬಿಡಿ. ತುಂಡನ್ನು ದಪ್ಪ ಟವೆಲ್ ಮೇಲೆ ಬೋರಲಾಗಿಟ್ಟು ಹಿಂಬದಿಯಿಂದ ಹದ ಬಿಸಿಯಲ್ಲಿ ಇಸ್ತ್ರಿ ಮಾಡಿ. ಜರಿ ಕಪ್ಪಾಯಿತೇ, ದಾರ ಮುದುಡಿತೇ ಈಗ ತಿಳಿಯುತ್ತದೆ.

ಹಂತ 9: ಒಂದು ಸಲಕ್ಕೆ ಒಂದೇ ಬದಲಾವಣೆ

ಸುಕ್ಕು ಬಂತೆಂದು ಪೇಪರ್, ಟೆನ್ಶನ್, ವೇಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಪೂರ್ತಿ ಡಿಸೈನ್ ಮತ್ತೆ ಓಡಿಸಬೇಕಾಗಿಯೂ ಇಲ್ಲ, ಕೆಟ್ಟ ಭಾಗ ಇರುವ ಬಣ್ಣವನ್ನಷ್ಟೇ ಓಡಿಸಿ. ಸರಿಬಂದ ತುಂಡಿನ ಮೇಲೆಯೇ ಬಾಲ್‌ಪೆನ್ನಿನಲ್ಲಿ ಫೈಲ್ ಹೆಸರು, ಸೂಜಿ, ದಾರದ ನಂಬರ್, ಪೇಪರ್, ಟೆನ್ಶನ್, ವೇಗ ಬರೆದು ಒಂದು ಪುಸ್ತಕಕ್ಕೆ ಪಿನ್ ಮಾಡಿ. ತಿದ್ದಿದ ಫೈಲನ್ನು ಹೊಸ ಹೆಸರಿನಲ್ಲಿ ಉಳಿಸಿ. ಹಳೆಯದನ್ನು ಪೆನ್‌ಡ್ರೈವ್‌ನಿಂದ ತೆಗೆದುಬಿಡಿ, ಅವಸರದಲ್ಲಿ ಕೈ ಹೋಗುವುದು ಅದಕ್ಕೇ.

ಹಂತ 10: ಖಣ ಫ್ರೇಮಿಗೆ

ಸೂಜಿ ಹೊಸದು ಹಾಕಿ, ಬಾಬಿನ್ ತುಂಬಿಸಿ. ಚಾಕ್ ಗೆರೆಗೆ ಕಾಗದದ ಪ್ರಿಂಟ್ ಹೊಂದಿಸಿ, ಸೂಜಿಯನ್ನು ಕೈಯಿಂದ ಇಳಿಸಿ ನಡುವಿನ ಗುರುತಿಗೆ ತಾಗುತ್ತದೆಯೇ ನೋಡಿ. ಟ್ರೇಸ್ ಗುಂಡಿ ಒತ್ತಿ ಫ್ರೇಮ್ ನಾಲ್ಕೂ ಸುತ್ತ ಓಡುವುದನ್ನು ಗಮನಿಸಿ, ಕಾಗದ ತೆಗೆದು ಶುರು ಮಾಡಿ. ಟೆಸ್ಟಿನ ವೇಗವನ್ನೇ ಇಡಿ.

ಕೂಲಿ ಹೇಳುವಾಗ ಟೆಸ್ಟಿನ ದಾರ, ಪೇಪರ್, ಹೊತ್ತು ಮೂರನ್ನೂ ಸೇರಿಸಿಯೇ ಹೇಳಿ. ಗಿರಾಕಿ ಚೌಕಾಸಿ ಮಾಡಿದರೆ ಮೊದಲು ಕೆಟ್ಟ ತುಂಡು, ಆಮೇಲೆ ಸರಿಬಂದ ತುಂಡು ಅವರ ಮುಂದಿಡಿ.