‘ಸರ್ವರ್ ಇಲ್ಲ, ನಾಳೆ ಬರ್ರಿ’ ಅನ್ನುವ ಮುಂಚೆ



ನೀನು ನವಲಗುಂದದ ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್, ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಸುದ್ದಿ ಕೇಳಿ ಬಹಳ ಸಂತೋಷವಾಯಿತು. ಈ ಕೆಲಸದ ಭಾರ ಎಂಥದ್ದೆಂದು ಮೊದಲೇ ಹೇಳುತ್ತೇನೆ. 2000ದ ಸುಮಾರಿಗೆ ಜಮೀನು ದಾಖಲೆಗಳ ‘ಭೂಮಿ’ ಯೋಜನೆ ಬಂದು, ರಾಜ್ಯದ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ತಲಾಟಿಗಳ ದಫ್ತರದಿಂದ ಕಂಪ್ಯೂಟರಿಗೆ ಏರಿದವು. ಆಗ 15 ರೂಪಾಯಿಗೆ ಪಹಣಿಯ ಉತಾರ ಕೈಗೆ ಬರುತ್ತಿತ್ತು. ಮೊದಮೊದಲು ದಾಖಲೆ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ ಇತ್ತು. ಆಮೇಲೆ ಬೆಂಗಳೂರಿನ ಡೇಟಾ ಸೆಂಟರಿಗೆ ಹೋಯಿತು. ಈಗ ನಿಮ್ಮ ಕೌಂಟರಿನಿಂದ ಅಲ್ಲಿಯವರೆಗಿನ ದಾರಿಯಲ್ಲಿ ಎಲ್ಲಿ ಏನು ಕೆಟ್ಟರೂ ಕಿಟಕಿಯಾಚೆ ಕೇಳುವ ಮಾತು ಒಂದೇ: ‘ಸರ್ವರ್ ಇಲ್ರಿ.’

ಆ ಮಾತನ್ನು ನೀನು ನಂಬಬೇಡ. ಪಕ್ಕದ ಟೇಬಲ್ಲಿನ ಮಷಿನ್ ನಡೆಯುತ್ತಿದೆಯೇ ನೋಡು. ನಡೆಯುತ್ತಿದ್ದರೆ ದೋಷ ಈ ಮಷಿನ್ನಿನದು. ಇಲ್ಲದಿದ್ದರೆ ಮೊದಲು ಕಚೇರಿಯ ರೂಟರಿಗೆ ಪಿಂಗ್ ಮಾಡು, ಆಮೇಲೆ ಹೊರಗಿನ ಒಂದು ಐಪಿ ವಿಳಾಸಕ್ಕೆ, ಕಡೆಗೆ ವೆಬ್‌ಸೈಟಿನ ಹೆಸರಿಗೆ. ಅಂಕಿಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ಡಿಎನ್‌ಎಸ್ ನೋಡಬೇಕು. ಎಲ್ಲಕ್ಕೂ ಉತ್ತರ ಬಂದರೂ ಒಂದು ಮಷಿನ್ನಿನಲ್ಲಿ ಪುಟ ತೆರೆಯದಿದ್ದರೆ ಅದರ ಗಡಿಯಾರ ನೋಡು. ಹಳೆಯ ಮಷಿನ್ನಿನೊಳಗಿನ ಬಿಲ್ಲೆಯಂಥ ಸೆಲ್ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆ ತಾರೀಕಿಗೆ ವೆಬ್‌ಸೈಟಿನ ಸರ್ಟಿಫಿಕೇಟ್ ಹುಟ್ಟೇ ಇರುವುದಿಲ್ಲ, ಬ್ರೌಸರ್ ಒಪ್ಪುವುದಿಲ್ಲ. ಅಗ್ಗದ ಒಂದು ಸೆಲ್ಲಿಗಾಗಿ ಇಡೀ ಸರದಿ ಮನೆಗೆ ಮರಳುವುದೆಂದರೆ ನನಗೆ ಸಂಕಟವಾಗುತ್ತದೆ.

ದೋಷ ಮಣ್ಣಿನಲ್ಲೂ ಇರಬಹುದು. ನಮ್ಮ ಎರೆಭೂಮಿಯ ಗುಣವನ್ನು ಯಾವ ಕಂಪ್ಯೂಟರ್ ಕೋರ್ಸಿನಲ್ಲೂ ಕಲಿಸುವುದಿಲ್ಲ. ಬೇಸಿಗೆಯಲ್ಲಿ ಈ ಮಣ್ಣು ಒಣಗಿ, ಕುಗ್ಗಿ, ಬಿರುಕು ಬಿಡುತ್ತದೆ. ಹೂತ ಅರ್ಥಿಂಗ್ ಕೊಳವೆಯ ಸುತ್ತ ಸಂದು ಬೀಳುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ ಹೆಸರಿಗಷ್ಟೇ ಉಳಿದಿರುತ್ತದೆ. ಮಷಿನ್ನಿನ ಡಬ್ಬಿ ಮುಟ್ಟಿದರೆ ಕೈ ಜುಮ್ಮೆಂದಿತೋ, ಸಾಫ್ಟ್‌ವೇರ್ ಬದಿಗಿಡು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ನ್ಯೂಟ್ರಲ್, ಅರ್ಥ್ ನಡುವಿನ ವೋಲ್ಟೇಜ್ ಅಳೆಸು. ಬೇಸಿಗೆ ಪೂರ್ತಿ ಅರ್ಥಿಂಗ್ ಗುಂಡಿಗೆ ನೀರು ಹಾಕಿಸುವುದೂ ನಿನ್ನ ಕೆಲಸವೇ ಎಂದು ತಿಳಿ.

ನಿಮ್ಮ ಕಚೇರಿಯೊಳಗಿನ ಸರ್ವರ್ ನಿಂತ ಕೂಡಲೇ ರೀಸ್ಟಾರ್ಟ್ ಮಾಡಲು ಹೋಗಬೇಡ. ಮೊದಲು ಲಾಗ್ ಓದು, ಡಿಸ್ಕ್ ಎಷ್ಟು ತುಂಬಿದೆ ನೋಡು. ದೊಡ್ಡ ಲಾಗ್ ಫೈಲನ್ನು ಅಳಿಸಿದರೂ ಜಾಗ ಖಾಲಿಯಾಗದಿರುವುದುಂಟು. ಯಾವುದೋ ಪ್ರೋಗ್ರಾಂ ಆ ಫೈಲನ್ನು ಇನ್ನೂ ಹಿಡಿದುಕೊಂಡಿರುತ್ತದೆ, ಅದು ಬಿಟ್ಟಾಗಲೇ ಜಾಗ ಸಿಗುವುದು. ರೀಸ್ಟಾರ್ಟ್ ಮಾಡಿದರೆ ಜಾಗವೇನೋ ಸಿಗುತ್ತದೆ. ಆದರೆ ಹಿಡಿದದ್ದು ಯಾವ ಪ್ರೋಗ್ರಾಂ ಎಂಬ ಸುಳಿವು ಹೋಗುತ್ತದೆ, ಕೆಲವು ದಿನಕ್ಕೆ ಡಿಸ್ಕ್ ಮತ್ತೆ ತುಂಬುತ್ತದೆ. ಯಾವುದೇ ಸೆಟ್ಟಿಂಗ್ ಮುಟ್ಟುವ ಮುಂಚೆ ಅದಿರುವ ಫೈಲಿನ ನಕಲು ತೆಗೆದಿಡು. ಒಂದು ಬದಲಾವಣೆ ಮಾಡು, ಪರೀಕ್ಷಿಸು, ಗಂಟೆ ಸಮೇತ ವಹಿಯಲ್ಲಿ ಬರೆ. ಒಟ್ಟಿಗೆ ಮೂರು ಕಡೆ ಕೈಯಾಡಿಸಿದವರಿಗೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ಬ್ಯಾಕಪ್ ‘ಸಕ್ಸೆಸ್’ ಎಂದು ತೋರಿಸಿದರೆ ಸಾಲದು. ತಿಂಗಳಿಗೊಮ್ಮೆ ಬೇರೆ ಮಷಿನ್ನಿನಲ್ಲಿ ಅದನ್ನು ರೀಸ್ಟೋರ್ ಮಾಡಿ, ನಾಲ್ಕಾರು ದಾಖಲೆ ತೆರೆದು ಓದು.

ಇನ್ನೊಂದು ಮಾತು. ಸರದಿಯಲ್ಲಿ ನಿಂತವರು ಆ ದಿನದ ಕೂಲಿ ಬಿಟ್ಟು, ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದವರು. ಅವರಿಗೆ ದೋಷದ ಹೆಸರು ಬೇಡ, ಕಾಯಬೇಕೋ ಹೋಗಬೇಕೋ ತಿಳಿದರೆ ಸಾಕು. ರಸ್ತೆ ಕೆಲಸದಲ್ಲಿ ಜೆಸಿಬಿ ಕೇಬಲ್ ಕಡಿದಿದ್ದರೆ ‘ಇವತ್ತ ಆಗೂದಿಲ್ರಿ’ ಎಂದು ಬೆಳಿಗ್ಗೆಯೇ ಹೇಳಿಬಿಡು. ಮಧ್ಯಾಹ್ನದೊಳಗೆ ಸರಿಹೋಗುವಂತಿದ್ದರೆ ಕೂಡ್ರಲು ಹೇಳು, ಬಂದವರ ಹೆಸರು ಸರದಿ ಪ್ರಕಾರ ಬರೆದಿಟ್ಟುಕೋ. ಬಾಗಿಲ ಬಳಿಯ ಹಲಗೆಯ ಮೇಲೂ ದೊಡ್ಡ ಅಕ್ಷರದಲ್ಲಿ ಬರೆಸು. ಓದಲು ಬಾರದವರಿಗೆ ನೀನೇ ಹೊರಗೆ ಹೋಗಿ ಹೇಳು.

ಇಂತಿ,
ನಿನ್ನ ಕಾಕಾ
ಕುಂದಗೋಳ